ಚಿಕ್ಕಮ್ಮನ ಕತ್ತು ನೋವಿಗೆ ಒಂದು ಉದ್ದದ ಮೆಸೇಜು

ಚಿಕ್ಕಮ್ಮ, ಕತ್ತು ಬಲಕ್ಕೆ ತಿರುಗ್ತಿಲ್ಲ, ಭುಜದ ಮೇಲೆ ಕಲ್ಲಿಟ್ಟ ಹಾಗಿದೆ ಅಂದಿದ್ರಲ್ಲ, ಬಸ್ಸಲ್ಲಿದ್ದೆ, ಈಗ ಕೇಳಿದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಮೊದಲು, ಮಾವ ತೆಗೆಸು ಅಂದರೂ ಯಾರ ಕೈಲೂ ಕತ್ತಿನ ನೆಟಿಗೆ ತೆಗೆಸಬೇಡಿ. ಮಿದುಳಿಗೆ ರಕ್ತ ಹೋಗುವ ನಾಳ ಕತ್ತಿನ ಮೂಳೆಗಳ ಒಳಗೇ ಹಾದು ಹೋಗುತ್ತೆ. ಅಪರೂಪಕ್ಕೆ ಅದು ಹರಿದು ಸ್ಟ್ರೋಕ್ ಆಗಿದ್ದೂ ಉಂಟು. ಮಾವ, ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ನನಗೂ ಇದೇ ಆಗಿತ್ತು, ಗೊತ್ತಲ್ಲ. ಫಿಸಿಯೋಥೆರಪಿಯವರು ಕತ್ತು, ಭುಜ ಸೇರುವ ಕಡೆ ಹೆಬ್ಬೆರಳಲ್ಲಿ ಒತ್ತಿದರು. ಹುಣಸೆಬೀಜದಷ್ಟು ಗಂಟು ಸಿಕ್ಕಿತು. ನೋವು ಕಿವಿ ಹಿಂದಿನಿಂದ ತಲೆವರೆಗೂ ಹತ್ತಿತು! ಐದು ದಿನ ಶಾಖ ಕೊಟ್ಟರು, ಕರೆಂಟು ಇಟ್ಟರು. ಹಾಯಾಗಿತ್ತು. ಮತ್ತೆ ಲ್ಯಾಪ್‌ಟಾಪ್ ಮುಂದೆ ಹಾಗೇ ಗೂನು ಹಾಕಿ ಕೂತೆ, ವಾರದಲ್ಲಿ ನೋವು ವಾಪಸ್. ಕೊನೆಗೆ ಕೈ ಹಿಡಿದಿದ್ದು ಅವರು ಹೇಳಿಕೊಟ್ಟ ವ್ಯಾಯಾಮ.

ನೆಟ್ಟಗೆ ಕೂತು ಮುಂದೆ ನೋಡ್ತಾ ಗದ್ದವನ್ನು ಹಿಂದಕ್ಕೆ ಎಳೀರಿ. ಕೆಳಗೆ ಬಗ್ಗಿಸೋದಲ್ಲ, ಮೇಜಿನ ಡ್ರಾಯರ್ ಒಳಗೆ ತಳ್ಳಿದ ಹಾಗೆ ನೇರ ಹಿಂದಕ್ಕೆ. ಡಬಲ್ ಗದ್ದ ಬರಬೇಕು, ಕನ್ನಡಿ ನೋಡಬೇಡಿ, ನಗು ಬರುತ್ತೆ. 5 ಸೆಕೆಂಡ್ ಹಿಡಿದು ಬಿಡಿ, 10 ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಬೆನ್ನ ನಡುವೆ ಪೆನ್ನು ಸಿಕ್ಕಿಸಿಕೊಂಡ ಹಾಗೆ ಎರಡೂ ಹೆಗಲು ಹಿಂದಕ್ಕೆ ಒತ್ತಿ. ಇವತ್ತು ಜಾಸ್ತಿ ನೋವಿದ್ದರೆ ಬಲವಂತ ಬೇಡ. ಬಿಸಿನೀರಿನ ಚೀಲ ಇಟ್ಟು, ಆಗುವಷ್ಟೇ ಎರಡೂ ಕಡೆ ನಿಧಾನಕ್ಕೆ ತಿರುಗಿಸಿ.

ನಿಮಗೆ ಹೊಲಿಗೆ ಮಿಷನ್‌ಗಿಂತ ಕೈಯಲ್ಲಿ ಹಾಕೋ ಹೆಮ್ಮಿಂಗೇ ಕಾಟ ಅಂತ ನನ್ನ ಅನುಮಾನ. ಬ್ಲೌಸು ಮಡಿಲಲ್ಲಿಟ್ಟು, ಗದ್ದ ಎದೆಗೆ ತಾಗೋ ಹಾಗೆ ಬಗ್ಗಿ ಗಂಟೆಗಟ್ಟಲೆ ಹುಕ್ಕು ಹಚ್ತೀರಿ. ತಲೆ ಸುಮಾರು 5 ಕೆಜಿ ಇರುತ್ತೆ. ಬಗ್ಗಿದಷ್ಟೂ ಹಿಂದಿನ ಸ್ನಾಯು ಅದನ್ನು ಜಗ್ಗಿ ಹಿಡಿಯಬೇಕು. ಮಡಿಲಲ್ಲಿ ಎರಡು ದಿಂಬಿಟ್ಟು ಅದರ ಮೇಲೆ ಕೈ ಊರಿ. ಬಟ್ಟೆ ಕಣ್ಣಿನ ಹತ್ತಿರ ಬರಲಿ, ನೀವು ಅದರ ಹತ್ತಿರ ಹೋಗಬೇಡಿ. ಕನ್ನಡಕದ ನಂಬರೂ ತೋರಿಸಿ. ಅರ್ಧ ಗಂಟೆಗೊಮ್ಮೆ ಏಳಿ, ಮರೆತರೂ ಬಾಬಿನ್ ಖಾಲಿ ಆದಾಗಲಾದ್ರೂ ಎದ್ದುಬಿಡಿ. ರಾತ್ರಿ ತಲೆಗೆ ಮಾತ್ರ ಒಂದೇ ದಿಂಬು.

ಕೈ ಜೋಮು ಹಿಡಿದರೆ, ಬೆರಳಿಂದ ಸೂಜಿ ಜಾರ್ತಿದ್ದರೆ, ಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಎದೆ ಹಿಡಿದುಕೊಂಡು ಭುಜ, ಕೈ ಸೆಳೆದರೆ ಕತ್ತು ನೋವು ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ.

ಹಾಂ, ನನ್ನ ಬ್ಲೌಸಿಗೆ ಅವಸರ ಇಲ್ಲ. ಮದುವೆ ಇರೋದು ಮುಂದಿನ ತಿಂಗಳು.