ಅಪ್‌ಡೇಟ್: ಕರಿಯನ ರಕ್ತಪರೀಕ್ಷೆ ಪಾಸು!

ಮೈಸೂರಿನಿಂದ ಜರ್ಮನಿಗೆ ನಮ್ಮ ನಾಯಿ ಕರಿಯನನ್ನು ಕರ್ಕೊಂಡು ಹೋಗೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ, ಕೆಲಸ ಮುಕ್ಕಾಲು ಮುಗಿದಿದೆ. 'ಇಲ್ಲೇ ಯಾರಿಗಾದ್ರೂ ಕೊಟ್ಬಿಡಿ' ಅಂದವರಿಗೆ ಒಂದೇ ಮಾತು: ಅವನು ಮನೆ ಮಗ, ಬಿಟ್ಟು ಹೋಗಲ್ಲ.

ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕೋ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗೆ ಮುಂಚೆ ಹಾಕಿಸಿದ್ದು ಅಲ್ಲಿ ಲೆಕ್ಕಕ್ಕಿಲ್ಲ, ಅದಕ್ಕೇ ಮತ್ತೆ ಹಾಕಿಸಿದೆವು. ಡಾಕ್ಟರು ಕತ್ತಿನ ಹತ್ತಿರ ಸ್ಕ್ಯಾನರ್ ಹಿಡಿದು ಚಿಪ್‌ನ 15 ಅಂಕಿ ಒಂದೊಂದಾಗಿ ಓದಿದರು, ನಾನು ಲಸಿಕೆ ಪುಸ್ತಕದಲ್ಲಿ ತಾಳೆ ನೋಡಿದೆ. ಕರಿಯ ಅಷ್ಟು ಹೊತ್ತೂ ನನ್ನ ಕೈ ನೆಕ್ಕುತ್ತಿದ್ದ.

ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ತೆಗೆಸಿ, ಐರೋಪ್ಯ ಒಕ್ಕೂಟದ ಮಾನ್ಯತೆಯಿರುವ ಲ್ಯಾಬಿಗೆ ಕಳಿಸಬೇಕು. ಲಸಿಕೆ ಕೆಲಸ ಮಾಡಿದೆ ಅಂತ ತೋರಿಸೋ ಆಂಟಿಬಾಡಿ (ರೋಗ ತಡೆಯೋ ಅಂಶ) ಮಿಲಿಲೀಟರಿಗೆ 0.5 ಐಯು (ಅದನ್ನು ಅಳೆಯೋ ಯೂನಿಟ್) ಆದರೂ ಇರಬೇಕು. ನಮ್ಮದು ಇದೆ! ಆದರೆ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಲೇಬೇಕು. ದಯವಿಟ್ಟು ಟಿಕೆಟ್ ಬುಕ್ ಮಾಡೋ ಮುಂಚೆ ಈ ಲೆಕ್ಕ ಹಾಕಿ.

ಉಳಿದಿರೋದು ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ. ಕೊಟ್ಟ 10 ದಿನದೊಳಗೆ ಅಲ್ಲಿ ತಲುಪಬೇಕಾದ್ದರಿಂದ ಅದು ಕೊನೆಗೆ.

ವಿಮಾನದಲ್ಲಿ ಒಯ್ಯೋ ಬೋನಿನ ಅಳತೆ ಕೇಳಿದ್ದ ಮಂಡ್ಯದ ಅಕ್ಕನಿಗೆ: ನಾಯಿ ಒಳಗೆ ತಲೆ ತಾಗದಂತೆ ನಿಂತು, ಸಲೀಸಾಗಿ ತಿರುಗಿ ಮಲಗುವಷ್ಟು ಇರಲಿ. ಈಗಿನಿಂದಲೇ ಅದರೊಳಗೆ ಊಟ ಹಾಕಿ ರೂಢಿ ಮಾಡಿಸಿ.