ಕೆನಡಾ–ಅಮೆರಿಕ ಮೆದುಮರದ ವ್ಯಾಪಾರ: ಲೆಕ್ಕ ತಾಳೆಯಾಗುತ್ತಿಲ್ಲ, ಎಲ್ಲಿ ತಪ್ಪಿದೆ?

ಪ್ರಶ್ನೆ
ಕೊಯ್ದ ಮೆದುಮರದ (ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳ) ವಿಷಯದಲ್ಲಿ ಎರಡೂ ದೇಶಗಳ ಅಂಕಿಗಳನ್ನು 2019ರಿಂದ ಈಚೆಗೆ ಅಕ್ಕಪಕ್ಕ ಇಡುತ್ತಿದ್ದೇನೆ. 1000 ಬೋರ್ಡ್ ಫೂಟ್‌ಗೆ (ಒಂದು ಬೋರ್ಡ್ ಫೂಟ್ ಎಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ) 2.36 ಘನಮೀಟರ್ ಹಿಡಿದರೆ ಎರಡು ಮೂಲಗಳ ನಡುವೆ ಮೂರನೇ ಒಂದು ಪಾಲು ವ್ಯತ್ಯಾಸ ಬರುತ್ತಿದೆ. ಕಸ್ಟಮ್ಸ್ ವರ್ಗೀಕರಣದ 4407.12 (ಫರ್, ಸ್ಪ್ರೂಸ್) ಕೋಡ್‌ನಲ್ಲಿ ಕೆನಡಾದ ರಫ್ತು 2022ರಲ್ಲಿ ದಿಢೀರ್ ಕುಸಿದಿದೆ. ಅಮೆರಿಕ ಹಾಕುವ ಸುಂಕವಂತೂ ಒಂದು ಕಡೆ ಶೇ 14, ಇನ್ನೊಂದು ಕಡೆ 35, ಮತ್ತೊಂದು ಕಡೆ 45. ಯಾವುದನ್ನು ನಂಬಲಿ?

ಉತ್ತರ 1
ಮೊದಲ ಎರಡೂ ಲೆಕ್ಕ ಹಿಡಿಯುವ ರೀತಿಯ ತೊಡಕು, ವ್ಯಾಪಾರದ್ದಲ್ಲ. 2.36 ಎನ್ನುವುದು ಹೆಸರಿನ ಅಳತೆಯ ಲೆಕ್ಕ. ‘ಎರಡು–ನಾಲ್ಕು’ ಎಂದು ಮಾರುವ ತುಂಡು, ಒಣಗಿಸಿ ಹತ್ತರಿ ಹೊಡೆದ ಮೇಲೆ ಉಳಿಯುವುದು 1.5 × 3.5 ಇಂಚು. 8 ಅಡಿಯ ಒಂದು ತುಂಡು ಹೆಸರಿಗೆ 5.33 ಬೋರ್ಡ್ ಫೂಟ್, ನಿಜದಲ್ಲಿ 3.5. ಹಾಗಾಗಿ ಆ ಅಳತೆಯ 1000 ಬೋರ್ಡ್ ಫೂಟ್‌ನಲ್ಲಿ ನಿಜವಾದ ಮರ ಸುಮಾರು 1.55 ಘನಮೀಟರ್ ಮಾತ್ರ. ‘ಎರಡು–ಆರು’ ಆದರೆ 1.62. ನಿಮ್ಮ ಮೂರನೇ ಒಂದು ಪಾಲು ಹೋಗಿದ್ದು ಅಲ್ಲಿಗೆ. ಮೂಲದ ಅಡಿಟಿಪ್ಪಣಿಯಲ್ಲಿ ಘನಮೀಟರ್ ಹೆಸರಿನದೋ ನಿಜದ್ದೋ ನೋಡದೆ ಕೂಡಬೇಡಿ.

ಕೋಡ್‌ನ ಕುಸಿತ ಬರೀ ಕಾಗದದ್ದು. 2022ರ ಪರಿಷ್ಕರಣೆಯಲ್ಲಿ ಸ್ಪ್ರೂಸ್–ಪೈನ್–ಫರ್ ಬೆರಕೆಗೆ 4407.13, ಹೆಮ್–ಫರ್‌ಗೆ (ಹೆಮ್‌ಲಾಕ್ ಮತ್ತು ಫರ್ ಬೆರಕೆ) 4407.14 ಬಂದವು. ಕೆನಡಾದ ಸರಕಿನ ದೊಡ್ಡ ಪಾಲು ಸ್ಪ್ರೂಸ್–ಪೈನ್–ಫರ್ ಬೆರಕೆಯೇ ಆದ್ದರಿಂದ ಅದು ಹೊಸ ಮನೆಗೆ ಹೋಯಿತು. 4407.11ರಿಂದ 4407.19ರವರೆಗೆ ಒಟ್ಟು ಕೂಡಿಸಿ, ಸರಣಿ ತುಂಡಾಗುವುದಿಲ್ಲ. ದಿಮ್ಮಿ ಬೇರೆ, 4403. ಅದನ್ನು ಇದರಲ್ಲಿ ಸೇರಿಸಬೇಡಿ.

ಉತ್ತರ 2
ಮೂರು ದರಗಳೂ ಸರಿ, ದಿನಾಂಕ ಬೇರೆ. ಹೆಸರು ಹೇಳಿ ಪ್ರತ್ಯೇಕ ದರ ಕೊಡದ ಕಂಪನಿಗಳಿಗೆ 2024ರ ಆಗಸ್ಟ್‌ನಿಂದ ಶೇ 14.40 ಇತ್ತು. 2025ರ ಪರಿಶೀಲನೆಯ ನಂತರ ಡಂಪಿಂಗ್ ವಿರೋಧಿ (ತೀರಾ ಅಗ್ಗಕ್ಕೆ ಸುರಿಯುವುದನ್ನು ತಡೆಯುವ) ಸುಂಕ 20.56, ಸಬ್ಸಿಡಿಗೆ ಎದುರಾದ ಸುಂಕ 14.63, ಸೇರಿ 35.19. ಅಕ್ಟೋಬರ್ 14ರಿಂದ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಇನ್ನೂ ಶೇ 10, ಒಟ್ಟು 45.19. ದೊಡ್ಡ ಮಿಲ್‌ಗಳಿಗೆ ಅವುಗಳದ್ದೇ ದರ, ಆದ್ದರಿಂದ ಸರಾಸರಿ ಹಾಕಿ ಬೆಲೆ ಕಟ್ಟಿದರೆ ಎಡವುತ್ತೀರಿ.

ಹೆಚ್ಚಿನವರು ಮರೆಯುವುದು ಇದನ್ನು: ಡಂಪಿಂಗ್, ಸಬ್ಸಿಡಿಯ ಆ ಎರಡು ಸುಂಕ ಗಡಿಯಲ್ಲಿ ಕಟ್ಟುವಾಗ ಬರೀ ಠೇವಣಿ. ಅಂತಿಮ ದರ ವರ್ಷಗಳ ನಂತರ ತೀರ್ಮಾನವಾಗುತ್ತದೆ. 2006ರ ಒಪ್ಪಂದದಲ್ಲಿ ಸುಮಾರು 500 ಕೋಟಿ ಡಾಲರ್ ಠೇವಣಿಯಲ್ಲಿ 100 ಕೋಟಿ ಅಮೆರಿಕದ ಬಳಿ ಉಳಿದು, ಮಿಕ್ಕಿದ್ದು ವಾಪಸಾಯಿತು. ಆ ಒಪ್ಪಂದ 2015ರಲ್ಲಿ ಮುಗಿಯಿತು. ಆಮೇಲೆ ಹೊಸದು ಆಗಿಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ ನಿಂತ ಮರದ ಬೆಲೆಯನ್ನೇ (ಕಾಡಿನ ಮರ ಕಡಿಯಲು ಮಾಲೀಕರಿಗೆ ಕಟ್ಟುವ ಶುಲ್ಕವನ್ನೇ) ನೇರ ಹೋಲಿಸಿದರೆ?

ಉತ್ತರ 3
ಅಲ್ಲೇ ಎರಡೂ ದೇಶಗಳ ಸುಂಕದ ಜಗಳದ ಬೇರು ಇರುವುದು, 1982ರಿಂದಲೂ. ಕೆನಡಾದ ಕಾಡು ಶೇ 90ರಷ್ಟು ಸರ್ಕಾರಿ. ನಿಂತ ಮರದ ದರ ಪ್ರಾಂತ್ಯದ್ದು. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿ. ಬ್ರಿಟಿಷ್ ಕೊಲಂಬಿಯಾ ಸುಮಾರು ಐದನೇ ಒಂದು ಪಾಲನ್ನು ಹರಾಜು ಹಾಕಿ, ಆ ಬೆಲೆಯ ಆಧಾರದಲ್ಲಿ ಉಳಿದದ್ದಕ್ಕೂ ದರ ಕಟ್ಟುತ್ತದೆ, ಆದರೂ ಅಮೆರಿಕ ಅದನ್ನು ಸಬ್ಸಿಡಿ ಎಂದೇ ಎಣಿಸುತ್ತದೆ. ರಸ್ತೆ, ಮರುನೆಡುವ ಖರ್ಚನ್ನು ಕೆನಡಾದ ಮಿಲ್ ಹೊರುವುದರಿಂದ ಬರೀ ಶುಲ್ಕದ ಅಂಕಿ ಅಗ್ಗವಾಗಿ ಕಾಣುತ್ತದೆ. ಹೋಲಿಸಲೇಬೇಕಿದ್ದರೆ ಮಿಲ್ ಬಾಗಿಲಿಗೆ ಬಂದು ಬಿದ್ದ ದಿಮ್ಮಿಯ ಒಟ್ಟು ವೆಚ್ಚ ತೆಗೆದುಕೊಳ್ಳಿ, ಜಾತಿಯೂ ಒಂದೇ ಇರಲಿ. ದಕ್ಷಿಣದ ಹಳದಿ ಪೈನ್ ಭಾರವಾದರೂ ಮರ ಕೊಳೆಯದಂತೆ ಹಾಕುವ ಔಷಧಿಯನ್ನು ಚೆನ್ನಾಗಿ ಹೀರುತ್ತದೆ. ಸ್ಪ್ರೂಸ್ ಬೆರಕೆ ಹಗುರ, ನೆಟ್ಟಗೆ ನಿಲ್ಲುತ್ತದೆ, ಔಷಧಿ ಹಿಡಿಯುವುದು ಕಷ್ಟ. ಇವೆರಡರ ಬೆಲೆ ಒಂದೇ ಸಾಲಿನಲ್ಲಿ ಇಟ್ಟರೆ ನಿಮ್ಮ ಕೋಷ್ಟಕ ಮತ್ತೆ ಕೆಡುತ್ತದೆ.