ಕರಾವಳಿಗೆ ಹಳೆ ಸಿಎನ್‌ಸಿ ಲೇತ್ ತರುವವರಿಗೆ ನಮ್ಮ ಅನುಭವ

ಕುಮಟಾದ ಗೆಳೆಯರೊಬ್ಬರು ಕೇಳಿದ್ದಾರೆ. ವರ್ಕ್‌ಶಾಪಿನಲ್ಲಿ ಎರಡು ಸಾದಾ ಲೇತ್ ಇವೆ, ಅಡಿಕೆ ಸುಲಿಯುವ ಯಂತ್ರದ ರೋಲರ್, ಬುಶ್ ಕೆಲಸ ಜಾಸ್ತಿ ಬರ್ತಾ ಇದೆ, ಆರು ಲಕ್ಷದೊಳಗೆ 2005-2008ರ ಸುಮಾರಿನ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಲೇತ್) ತರಬಹುದಾ, ಏನೇನು ನೋಡಬೇಕು, ನಮ್ಮ ಉಪ್ಪುಗಾಳಿಗೆ ಅದು ತಡೆಯುತ್ತಾ ಅಂತ.

ನಾನು ಕಾರವಾರದಲ್ಲಿ ಆರು ವರ್ಷದಿಂದ ಅಂಥದ್ದೇ ಒಂದನ್ನು ನಡೆಸುತ್ತಿದ್ದೇನೆ. ಶಿರಸಿ ಮತ್ತು ಹೊನ್ನಾವರದಲ್ಲಿ ಹಳೆ ಮಷಿನ್ ತಂದ ಇಬ್ಬರು ಸ್ನೇಹಿತರಿದ್ದಾರೆ, ಅವರನ್ನೂ ಕೇಳಿ ಬರೀತಿದ್ದೇನೆ. ತರಬಹುದು, ಅಡ್ಡಿಲ್ಲ. ಆದರೆ ಕರೆಂಟ್ ಕೊಟ್ಟು ಓಡುತ್ತಿರುವ ಮಷಿನ್ ಮಾತ್ರ ತಗೊಳ್ಳಿ. ಅದರ ವೈರ್ ಬಿಚ್ಚುವ ಮೊದಲು ಕಂಟ್ರೋಲ್‌ನ (ಮಷಿನ್ ನಡೆಸುವ ಕಂಪ್ಯೂಟರಿನ) ಬ್ಯಾಕಪ್ ನಿಮ್ಮ ಕೈಗೆ ಬಂದಿರಬೇಕು. ಬೇರೆ ಏನು ಮರೆತರೂ ಇದನ್ನು ಮರೀಬೇಡಿ.

ಯಾಕೆ ಅಂತ ಹೇಳ್ತೇನೆ. ನನ್ನದು 2006ರ ಮಷಿನ್, ಫ್ಯಾನಕ್ ಕಂಪನಿಯ 0ಐ ಮೇಟ್ ಟಿಸಿ ಕಂಟ್ರೋಲ್, ಎಂಟು ಟೂಲ್ ಹಿಡಿದು ತಿರುಗುವ ಟರೆಟ್. ಬೆಂಗಳೂರಿನ ಪೀಣ್ಯದಲ್ಲಿ 4 ಲಕ್ಷ 60 ಸಾವಿರ ಕೊಟ್ಟು ತಂದೆ. ನೋಡಲು ಹೋದ ದಿನ ಓಡಿಸಿ ತೋರಿಸಿದರು, ಚೆನ್ನಾಗಿಯೇ ಓಡಿತು. ಸ್ಕ್ರೀನಿನ ಕೆಳಗಡೆ ‘ಬ್ಯಾಟ್’ ಅಂತ ಮೂರಕ್ಷರ ಮಿನುಗುತ್ತಾ ಇತ್ತು. ಕಣ್ಣಿಗೆ ಬಿತ್ತು, ಆದರೆ ಅದೇನು ಅಂತ ನಾನು ಕೇಳಲಿಲ್ಲ. ಲಾರಿ ಅರಬೈಲ್ ಘಟ್ಟ ಇಳಿದು ಮೇ ಕೊನೆಗೆ ಬಂತು. ನಮ್ಮಲ್ಲಿ ಕರೆಂಟ್ ಲೋಡ್ ಹೆಚ್ಚಿಸಲು ನಾನು ಅರ್ಜಿ ಹಾಕಿದ್ದೇ ತಡವಾಗಿ, ಹಾಗಾಗಿ ಮಷಿನ್ ಏಳು ವಾರ ತಾಡಪಾಲಿನಡಿ ಸುಮ್ನೆ ಕೂತಿತ್ತು. ಜುಲೈನಲ್ಲಿ ಕರೆಂಟ್ ಕೊಟ್ಟೆವು. ಸ್ಕ್ರೀನ್ ತುಂಬ ಅಲಾರಂ. ಮಷಿನ್‌ನ ಸೆಟ್ಟಿಂಗ್ ಅಂಕಿಗಳಿರುವ ಪ್ಯಾರಾಮೀಟರ್ ಪುಟ ತೆಗೆದರೆ ಸಾಲು ಸಾಲು ಸೊನ್ನೆ.

ಬ್ಯಾಟರಿ ಸತ್ತಿತ್ತು, ಅಷ್ಟೇ. ಈ ಕಂಟ್ರೋಲ್‌ಗಳಲ್ಲಿ ಪ್ಯಾರಾಮೀಟರ್, ಆಫ್‌ಸೆಟ್ (ಟೂಲ್‌ಗಳ ಅಳತೆ ತಿದ್ದುಪಡಿ), ಪ್ರೋಗ್ರಾಂ ಎಲ್ಲ ಒಂದು ಚಿಕ್ಕ 3 ವೋಲ್ಟ್ ಲಿಥಿಯಂ ಬ್ಯಾಟರಿಯ ಮೇಲೆ ಬದುಕಿರುತ್ತವೆ. ಆ ಅಕ್ಷರ ಮಿನುಗಿದರೆ ಒಂದೆರಡು ವಾರದೊಳಗೆ ಬದಲಿಸಬೇಕು ಅಂತ ಅರ್ಥ. ಪ್ಯಾನೆಲ್ ಬಾಗಿಲ ಒಳಗೆ ಕಂಪನಿಯ ಪ್ಯಾರಾಮೀಟರ್ ಪಟ್ಟಿ ಅಂಟಿಸಿದ್ದರು. ಆದರೆ ಥಂಡಿ ಹಿಡಿದು ಅರ್ಧ ಅಂಕಿಗಳು ಅಳಿಸಿಹೋಗಿದ್ದವು, ಬೆರಳು ಮುಟ್ಟಿದರೆ ಕಾಗದವೇ ಕಿತ್ತು ಬರ್ತಿತ್ತು. ಕೊನೆಗೆ ಹಳೆ ಮಾಲೀಕರ ಮೆಂಟೆನೆನ್ಸ್ ಹುಡುಗ ಡ್ರಾಯರಿನಲ್ಲಿ ಹುಡುಕಿ, ಅದೇ ಮಷಿನ್‌ನ ಬ್ಯಾಕಪ್ ಇದ್ದ ಸಿಎಫ್ ಮೆಮೊರಿ ಕಾರ್ಡ್ ಬಸ್ಸಿಗೆ ಹಾಕಿ ಕಳಿಸಿದ. ಆ ಹುಡುಗನ ಉಪಕಾರ ನಾನು ಮರೆಯೋದಿಲ್ಲ. ಆದರೂ ಎಂಜಿನಿಯರ್ ಬಂದು ಎಲ್ಲ ತುಂಬಿಸಿ, ಎರಡೂ ಆಕ್ಸಿಸ್‌ಗೆ (ಟೂಲ್ ಸರಿಯುವ ಎರಡು ದಿಕ್ಕಿಗೆ) ಮತ್ತೆ ಝೀರೋ, ಅಂದರೆ ಅಳತೆ ಶುರುವಾಗುವ ಜಾಗ, ಕೂರಿಸುವಷ್ಟರಲ್ಲಿ ಹನ್ನೆರಡು ದಿನ ಮತ್ತು 38 ಸಾವಿರ ಹೋಯಿತು.

ಬ್ಯಾಕಪ್ ತಗೊಳ್ಳೋದು ಐದೇ ನಿಮಿಷದ ಕೆಲಸ. 0ಐ ಥರದ ಕಂಟ್ರೋಲ್‌ನಲ್ಲಿ ಸ್ಕ್ರೀನ್ ಪಕ್ಕ ಕಾರ್ಡ್ ಹಾಕುವ ಜಾಗ ಇರುತ್ತದೆ. ಸ್ಕ್ರೀನ್ ಕೆಳಗಿನ ಬಟನ್‌ಗಳಲ್ಲಿ ಬಲತುದಿಯ ಎರಡನ್ನು ಒಟ್ಟಿಗೆ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಬೂಟ್ ಮೆನು ಬರುತ್ತದೆ. ಅದರಲ್ಲಿ ಎಸ್‌ರಾಮ್ (ಬ್ಯಾಟರಿ ಮೇಲೆ ಬದುಕುವ ಆ ಮೆಮೊರಿ) ಬ್ಯಾಕಪ್ ಆರಿಸಿ. ಮೊದಲ ಸಲ ಗೊತ್ತಿರುವವರ ಕೈಯಲ್ಲೇ ಮಾಡಿಸಿ, ಯಾಕೆಂದರೆ ಅದೇ ಮೆನುವಿನಲ್ಲಿ ರಿಸ್ಟೋರ್ (ಕಾರ್ಡಿನಲ್ಲಿದ್ದದ್ದನ್ನು ಮಷಿನ್‌ಗೆ ತುಂಬುವುದು) ಕೂಡ ಇರುತ್ತದೆ, ಅದನ್ನು ಒತ್ತಿಬಿಟ್ಟರೆ ಕಷ್ಟ. ಇನ್ನೂ ಹಳೆಯ ಫ್ಯಾನಕ್ 0ಟಿ ಆದರೆ ಕಾರ್ಡ್ ಇಲ್ಲ, ಆರ್‌ಎಸ್232 ಅನ್ನುವ ಡೇಟಾ ಕೇಬಲ್ ಮತ್ತು ಲ್ಯಾಪ್‌ಟಾಪ್ ಬೇಕು. ಯಾವುದಾದರೂ ಸರಿ, ಪ್ಯಾರಾಮೀಟರ್ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ಕೂಡ ಹೊಡೆದುಕೊಳ್ಳಿ. ಆಕ್ಸಿಸ್ ಎಲ್ಲಿದೆ ಅಂತ ನೆನಪಿಡುವ ಎನ್‌ಕೋಡರಿಗೆ ಬೇರೆಯೇ 6 ವೋಲ್ಟ್ ಬ್ಯಾಟರಿ ಇರುತ್ತದೆ. ಅದನ್ನು ಎಮರ್ಜೆನ್ಸಿ ಸ್ಟಾಪ್ ಒತ್ತಿಟ್ಟು, ಪವರ್ ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ತೆಗೆದರೆ ಝೀರೋ ಹೋಗುತ್ತೆ. ವರ್ಷಕ್ಕೊಮ್ಮೆ ಎರಡನ್ನೂ ಬದಲಿಸಿ, ದಿನಾಂಕ ಬರೆದು ಅಂಟಿಸಿ.

ಇನ್ನು ಕಬ್ಬಿಣದ ವಿಷಯ. ಹೊಸ ಬಣ್ಣ ನೋಡಿ ಖುಷಿಪಡಬೇಡಿ, ಒಂದು ಡಯಲ್ (ಸಣ್ಣ ಅಲುಗಾಟವನ್ನೂ ತೋರಿಸುವ ಮುಳ್ಳಿನ ಗೇಜ್) ಜೊತೆಗೆ ಒಯ್ಯಿರಿ. ಡಯಲ್ ಸ್ಟ್ಯಾಂಡನ್ನು ಬೆಡ್ ಮೇಲೋ ಹೆಡ್ ಮೇಲೋ ಕೂರಿಸಿ ಟರೆಟ್‌ಗೆ ತಾಗಿಸಿ. ಹ್ಯಾಂಡ್ ವೀಲ್‌ನಲ್ಲಿ ಒಂದೊಂದು ಕ್ಲಿಕ್‌ಗೆ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇಟ್ಟುಕೊಂಡು ಒಂದು ಕಡೆಗೆ ತಿರುಗಿಸಿ, ಮುಳ್ಳು ಅಲ್ಲಾಡಿದ ಮೇಲೆ ವಾಪಸ್ ತಿರುಗಿಸಿ. ಮುಳ್ಳು ಮತ್ತೆ ಅಲುಗಾಡಲು ಎಷ್ಟು ಕ್ಲಿಕ್ ಬೇಕಾಯ್ತು ಅಂತ ಎಣಿಸಿ, ಅಷ್ಟು ಸಡಿಲ ಇದೆ ಅಂತ ಅರ್ಥ, ಇದೇ ಬ್ಯಾಕ್‌ಲ್ಯಾಶ್. ಝಡ್ ಆಕ್ಸಿಸ್‌ನಲ್ಲಿ (ಟೂಲ್ ಉದ್ದಕ್ಕೆ ಸರಿಯುವ ದಿಕ್ಕು) ಇದನ್ನು ರಾಡ್ ಹಿಡಿಯುವ ಚಕ್ ಹತ್ತಿರ, ನಡುವೆ, ತುದಿಯಲ್ಲಿ ಮೂರೂ ಕಡೆ ಮಾಡಬೇಕು. ದಿನವೂ ಕೆಲಸ ನಡೆಯೋದು ಚಕ್ ಹತ್ತಿರ ಅಲ್ವಾ, ಟರೆಟ್ ಸರಿಸುವ ಬಾಲ್ ಸ್ಕ್ರೂ ಸವೆಯೋದೂ ಅಲ್ಲೇ. ಆಮೇಲೆ ಪ್ಯಾರಾಮೀಟರ್ 1851 ತೆಗೆದು ನೋಡಿ, ಅದು ಬ್ಯಾಕ್‌ಲ್ಯಾಶ್ ಸರಿದೂಗಿಸುವ ಅಂಕಿ. ನನ್ನ ಮಷಿನ್‌ನಲ್ಲಿ ಝಡ್‌ಗೆ 12 ಇತ್ತು. ಹುಬ್ಬಳ್ಳಿಯಲ್ಲಿ ನೋಡಿದ ಒಂದರಲ್ಲಿ 60 ಇತ್ತು. ಚಕ್ ಹತ್ತಿರ ಡಯಲ್ ಏನೂ ತೋರಿಸಲಿಲ್ಲ, ಆದರೆ ತುದಿಗೆ ಹೋದರೆ 40 ಮೈಕ್ರಾನ್ ಮುಂದಕ್ಕೆ ಹಾರುತ್ತಿತ್ತು. ಸ್ಕ್ರೂ ಸವೆದಿದ್ದನ್ನು ಅಂಕಿಯಲ್ಲಿ ಮುಚ್ಚಿದ್ದರು. ಅದನ್ನು ಬಿಟ್ಟು ಬಂದೆ.

ನಿಮ್ಮದೇ ರಾಡ್ ಒಂದು ಒಯ್ಯಿರಿ, ಇಎನ್8 ಉಕ್ಕು, 50 ಎಂಎಂ ದಪ್ಪ ಆದರೆ ಒಳ್ಳೆಯದು. 100 ಎಂಎಂ ಹೊರಗಿಟ್ಟು ಸಣ್ಣ ಕಟ್ ಹೊಡೆಸಿ, ಎರಡೂ ತುದಿಯ ದಪ್ಪ ಒಂದೇ ಇದೆಯಾ ಅಂತ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಸ್ಪಿಂಡಲ್ (ಚಕ್ ತಿರುಗಿಸುವ ಶಾಫ್ಟ್) ಒಂದು ಗಂಟೆ 2500 ಆರ್‌ಪಿಎಂನಲ್ಲಿ ಓಡಲಿ. ಹೆಡ್ ಮೇಲೆ ಕೈ ಇಡಲು ಆಗದಷ್ಟು ಬಿಸಿ ಆದರೆ, ಅಥವಾ ಶಬ್ದ ಬದಲಾದರೆ ಬೇರಿಂಗ್ ಖರ್ಚು ಲೆಕ್ಕ ಹಾಕಿ. ಶಿರಸಿಯ ಸ್ನೇಹಿತನ ಮಷಿನ್‌ನಲ್ಲಿ ಇದೆಲ್ಲ ಸರಿ ಇತ್ತು, ಟರೆಟ್ ಮಾತ್ರ ಹಿಂದೆ ಯಾವಾಗಲೋ ಚಕ್‌ಗೆ ಗುದ್ದಿ ಸರಿದಿತ್ತು. ಡ್ರಿಲ್ ಹೊಡೆದರೆ ತೂತು ದೊಡ್ಡದಾಗೋದು. ಚಕ್‌ಗೆ ಡಯಲ್ ಕಟ್ಟಿ, ಬೋರಿಂಗ್ ಹೋಲ್ಡರಿನ ತೂತಿನೊಳಗೆ ಕೈಯಿಂದ ತಿರುಗಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ. ಸರಿ ಮಾಡಿಸಬಹುದಾದ ದೋಷ, ಬೆಲೆ ಇಳಿಸಿ ಕೇಳಿ.

ಉಪ್ಪುಗಾಳಿ ಬಗ್ಗೆ ಕೇಳಿದಿರಿ. ಕಬ್ಬಿಣ ತಡೆಯುತ್ತೆ, ಎಣ್ಣೆ ಇದ್ದರೆ ಸಾಕು. ಸ್ಲೈಡ್‌ಗೆ 68 ನಂಬರಿನ ಎಣ್ಣೆ ನಿಜವಾಗಿ ತಲುಪುತ್ತಿದೆಯಾ ನೋಡಿ, ಕೂಲಂಟ್‌ಗೆ (ಕಟ್ ಹೊಡೆಯುವಾಗ ತಣ್ಣಗಿಡುವ ದ್ರವ) ನೀರು ಜಾಸ್ತಿ ಹಾಕಿ ತೆಳು ಮಾಡಬೇಡಿ. ಭಯ ಇರೋದು ಎಲೆಕ್ಟ್ರಿಕ್ ಪ್ಯಾನೆಲ್‌ಗೆ. ಹಳೆ ಮಷಿನ್‌ಗಳಲ್ಲಿ ಹೊರಗಿನ ಗಾಳಿ ಎಳೆಯುವ ಫ್ಯಾನ್ ಇದ್ದರೆ ನಮ್ಮೂರ ಬೈತಖೋಲ್ ಬಂದರಿನ ಗಾಳಿ ಸೀದಾ ಬೋರ್ಡ್ ಮೇಲೆ ಕೂರುತ್ತದೆ. ನಾನು ಆ ತೂತು ಮುಚ್ಚಿಸಿ ಪ್ಯಾನೆಲ್ ಎಸಿ ಹಾಕಿಸಿದೆ, ಬಾಗಿಲಿನ ರಬ್ಬರ್ ಹೊಸದು ಹಾಕಿಸಿದೆ. ಹೊನ್ನಾವರದವರು ಮಳೆಗಾಲದಲ್ಲಿ ರಾತ್ರಿ ಮತ್ತು ರಜೆ ದಿನ ಪ್ಯಾನೆಲ್ ಒಳಗೆ, ವೈರ್‌ಗಳಿಂದ ದೂರ, 40 ವ್ಯಾಟಿನ ಹಳೆ ಬಲ್ಬ್ ಉರಿಸಿಡ್ತಾರೆ, ಬೆಚ್ಚಗಿದ್ದರೆ ನೀರು ಕೂರೋದಿಲ್ಲ ಅಂತ. ಕಳೆದ ಎರಡು ಮಳೆಗಾಲ ನಾನೂ ಅದನ್ನೇ ಮಾಡಿದೆ, ಡ್ರೈವ್ ಅಲಾರಂ ಒಂದೂ ಬರಲಿಲ್ಲ. ಕೊಳ್ಳುವಾಗ ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಅರ್ಥಿಂಗ್ ಕೂಡ. ನಮ್ಮ ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆ, ಮಾರ್ಚ್ ಏಪ್ರಿಲ್‌ಗೆ ಒಣ. ಜುಲೈನಲ್ಲಿ ಚೆನ್ನಾಗಿ ಬಂದ ಅರ್ಥಿಂಗ್ ಅಳತೆ ಏಪ್ರಿಲ್‌ನಲ್ಲಿ ಕೆಡುತ್ತದೆ, ಮಿಂಚು ಸಿಡಿಲಿನ ಕಾಲವೂ ಆಗಲೇ ಶುರು. ಬೇಸಿಗೆಯಲ್ಲಿ ಅಳೆಸಿ, ಗುಂಡಿಗೆ ನೀರು ಹಾಕ್ತಾ ಇರಿ.

ಕಂಟ್ರೋಲ್ ಫ್ಯಾನಕ್ಕೋ ಸೀಮೆನ್ಸೋ ಅಂದರೆ ಎರಡೂ ಒಳ್ಳೆಯವೇ. ಹುಬ್ಬಳ್ಳಿಯಿಂದ ಮರುದಿನ ಬರುವ ಎಂಜಿನಿಯರ್‌ಗೆ ಯಾವುದು ಗೊತ್ತೋ ಅದು ತಗೊಳ್ಳಿ. ನನಗೆ ಫ್ಯಾನಕ್ ಬಲ್ಲವರು ಸುಲಭವಾಗಿ ಸಿಕ್ಕರು.

ದುಡ್ಡಿನ ಲೆಕ್ಕ ಹೀಗಿತ್ತು: ಲಾರಿ ಕ್ರೇನ್ 42 ಸಾವಿರ, ಸ್ಟೆಬಿಲೈಸರ್ 65, ವೈರಿಂಗ್ ಅರ್ಥಿಂಗ್ 30, ಹೋಲ್ಡರ್ ಇನ್ಸರ್ಟ್ 50, ಮೇಲೆ ಹೇಳಿದ 38. ಎರಡೂಕಾಲು ಲಕ್ಷ ಆಯ್ತು, ಪ್ಯಾನೆಲ್ ಎಸಿ ಬೇರೆ. ಬ್ಯಾಕಪ್ ಇದ್ದರೆ ನಿಮಗೆ ಆ 38 ಉಳಿಯುತ್ತದೆ, ಆದರೂ ಆರು ಲಕ್ಷ ಇದ್ದರೆ ಮಷಿನ್‌ಗೆ ನಾಲ್ಕರ ಮೇಲೆ ಹೋಗಬೇಡಿ.

ಸಾದಾ ಲೇತ್ ಮಾರಬೇಡಿ, ದಯವಿಟ್ಟು. ನನ್ನದರಲ್ಲಿ 400 ಎಂಎಂಗಿಂತ ಉದ್ದದ್ದು ಹಿಡಿಯಲ್ಲ, ದೋಣಿಯ ಶಾಫ್ಟ್ ಎಲ್ಲ ಹಳೆ ಲೇತ್‌ನಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗಲೇ ದೋಣಿಯವರ ಕೆಲಸ ಒಟ್ಟಿಗೆ ಬರೋದು, ಆ ಹೊತ್ತಿಗೆ ಹೊಸ ಮಷಿನ್ ಕೂರಿಸುತ್ತಾ ಕೂತರೆ ಎರಡೂ ಕೆಡುತ್ತದೆ. ಜನವರಿ ಫೆಬ್ರವರಿಯಲ್ಲಿ ತನ್ನಿ, ಘಟ್ಟದ ರಸ್ತೆಯೂ ಒಣಗಿರುತ್ತದೆ. ಲೋಡ್‌ಗೆ ಅರ್ಜಿ ಇವತ್ತೇ ಹಾಕಿ.

ನೋಡಲು ಹೋಗುವ ದಿನ ಗೊತ್ತಾದರೆ ತಿಳಿಸಿ. ನನ್ನ ಡಯಲ್, ಮ್ಯಾಗ್ನೆಟ್ ಸ್ಟ್ಯಾಂಡ್, 1 ಜಿಬಿಯ ಸಿಎಫ್ ಕಾರ್ಡ್ ಮೂರನ್ನೂ ಒಯ್ಯಬಹುದು. ಭಾನುವಾರ ಆದರೆ ನಾನೂ ಬರ್ತೇನೆ.